ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯೇ?

ಪಿಯುಸಿ ಫಲಿತಾಂಶ ಬಂದ ವಾರದಿಂದ ಕಾಲೇಜುಗಳ ಪ್ರವೇಶ ಮುಗಿಯುವವರೆಗೆ ಪ್ರತಿ ವರ್ಷವೂ ನನಗೆ ಒಂದೇ ಬಗೆಯ ಫೋನುಗಳು ಬರುತ್ತವೆ. ದೂರದ ಸಂಬಂಧಿಕರು, ಹಳೆಯ ಕಕ್ಷಿದಾರರು, ನನಗೆ ಪಾಠ ಹೇಳಿದ ಮೇಷ್ಟ್ರು ನಂಬರ್ ಕೊಟ್ಟು ಕಳಿಸಿದವರು, ಹೀಗೆ ಯಾರು ಯಾರೋ ಕೇಳುತ್ತಾರೆ: "ನಮ್ಮ ಹುಡುಗಿ ಕ್ರಿಮಿನಾಲಜಿ ಓದ್ತೀನಿ ಅಂತಾಳ್ರಿ, ಲಾ ಸೈತ ಬೇಕಂತಾಳ. ಎರಡೂ ಕೂಡಿ ಓದಿದ್ರ ಮುಂದ ಏನಾಗಬಹುದು?" ದಾರಿಗಳನ್ನು ಹೇಳುವುದು ಸುಲಭ. ಧಾರವಾಡ, ಮೈಸೂರುಗಳಲ್ಲಿ ಬಿಎ ಮಟ್ಟದಲ್ಲೇ ಅಪರಾಧಶಾಸ್ತ್ರ ಕಲಿಸುವ ಪದ್ಧತಿ ದಶಕಗಳಷ್ಟು ಹಳೆಯದು. ಅದನ್ನು ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಬಹುದು. ಇಲ್ಲವೇ ಪಿಯುಸಿ ಆದ ಕೂಡಲೇ ಐದು ವರ್ಷದ ಬಿಎ ಎಲ್‌ಎಲ್‌ಬಿಗೆ ಸೇರಿ, ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಆನರ್ಸ್‌ಗೆಂದು ಪಟ್ಟಿ ಮಾಡಿರುವ ವಿಷಯಗಳಲ್ಲಿ 'ಅಪರಾಧ ಮತ್ತು ಅಪರಾಧಶಾಸ್ತ್ರ'ದ ಗುಂಪನ್ನು ಆರಿಸಿಕೊಳ್ಳಬಹುದು. ನಾನು ಬಂದದ್ದು ಈ ಎರಡನೆಯ ದಾರಿಯಲ್ಲಿ. ಫೋನು ಮಾಡುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವುದು ಬೆರಳಚ್ಚು, ಡಿಎನ್ಎ, ಬಿಳಿಯ ಕೋಟು. ಅದು ವಿಧಿವಿಜ್ಞಾನ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಎಂದು ಅಪರಾಧ ವಿಚಾರಣೆಯ ಹೊಸ ಕಾಯ್ದೆಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳಿರುವುದರಿಂದ ಅಲ್ಲಿ ಕೆಲಸವೂ ಹೆಚ್ಚಲಿದೆ. ಆದರೆ ಆ ಓದು ಬೇರೆ, ಅಪರಾಧ ಏಕೆ ಹುಟ್ಟುತ್ತದೆ ಎಂದು ಹುಡುಕುವ ಈ ಅಪರಾಧಶಾಸ್ತ್ರ ಬೇರೆ ಎಂದು ಬಿಡಿಸಿ ಹೇಳುತ್ತೇನೆ.

ಫೋನಿನಲ್ಲಿ ಹೇಳಲಾಗದ ಸಂಗತಿ ಇನ್ನೊಂದಿದೆ. ಅದು ನನ್ನನ್ನು ಓದುವ ದಿನಗಳಿಂದಲೂ ಕಾಡುತ್ತಿದೆ. ಕ್ರಿಮಿನಲ್ ಪ್ರಕರಣವೊಂದರಲ್ಲಿ ಸಾಕ್ಷಿಗಳ ವಿಚಾರಣೆ, ಪಾಟೀಸವಾಲು, ವಾದ, ಪ್ರತಿವಾದ ಎಲ್ಲವೂ ವರ್ಷಗಟ್ಟಲೆ ನಡೆದು ಆರೋಪಿ ದೋಷಿ ಎಂದು ತೀರ್ಮಾನವಾದ ಮೇಲೆ, ನ್ಯಾಯಾಧೀಶರು ಅವನ ಕಡೆ ನೋಡಿ ಒಂದು ಪ್ರಶ್ನೆ ಕೇಳುತ್ತಾರೆ: ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯೇ? ಈ ಪ್ರಶ್ನೆಯನ್ನು ಕೇಳಲೇಬೇಕು ಎಂಬುದು ಕಾನೂನು. ಆಗ ವಕೀಲರು ಎದ್ದು ನಿಂತು, ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ, ಸಣ್ಣ ಮಕ್ಕಳಿದ್ದಾರೆ, ದುಡಿಯುವವನು ಇವನೊಬ್ಬನೇ, ಇದು ಮೊದಲ ಅಪರಾಧ, ದಯೆ ತೋರಬೇಕು ಎನ್ನುತ್ತಾರೆ. ಸರ್ಕಾರಿ ಅಭಿಯೋಜಕರು ಎದ್ದು, ಸಮಾಜಕ್ಕೆ ಪಾಠವಾಗಬೇಕು, ಗರಿಷ್ಠ ಶಿಕ್ಷೆ ಕೊಡಬೇಕು ಎನ್ನುತ್ತಾರೆ. ಎರಡೂ ಕಡೆಯ ಮಾತು ತೀರ್ಪಿನ ಕೊನೆಯ ಒಂದು ಪ್ಯಾರಾದೊಳಗೆ ಅಡಗುತ್ತದೆ. ಬೇರೆ ಬೇರೆ ಊರುಗಳ, ಬೇರೆ ಬೇರೆ ಅಪರಾಧಗಳ ತೀರ್ಪುಗಳಲ್ಲಿ ಆ ಪ್ಯಾರಾ ಒಂದೇ ತೆರನಾಗಿರುವುದನ್ನು ನೋಡಿದ್ದೇನೆ. ಕಾನೂನು ಮತ್ತು ಅಪರಾಧಶಾಸ್ತ್ರಗಳನ್ನು ಒಟ್ಟಿಗೆ ಓದಿದವರಿಗೆ ಮಾಡಲು ನಿಜವಾದ ಕೆಲಸವಿರುವುದು ಆ ಪ್ಯಾರಾದಲ್ಲಿ ಎಂಬುದು ನನ್ನ ನಂಬಿಕೆ. ಆದರೆ ಎರಡನ್ನೂ ಕಲಿಸುವ ಕೋರ್ಸುಗಳು ವಿದ್ಯಾರ್ಥಿಯನ್ನು ಅಲ್ಲಿಯವರೆಗೆ ಕರೆದೊಯ್ಯುವುದೇ ಅಪರೂಪ.

ಊರಿಲ್ಲದ 'ಎ'

ಅಪರಾಧ ಕಾನೂನಿನ ತರಗತಿಯಲ್ಲಿ ನಮಗೆ ಮೊದಲು ಪರಿಚಯವಾದವನು 'ಎ'. ಮೆಕಾಲೆಯ ನೇತೃತ್ವದ ಆಯೋಗ 1837ರಲ್ಲಿ ಕರಡು ಸಿದ್ಧಪಡಿಸಿ, 1860ರಲ್ಲಿ ಅಂಗೀಕಾರವಾದ ದಂಡ ಸಂಹಿತೆಯಲ್ಲಿ ಹಲವು ಕಲಮುಗಳ ಕೆಳಗೆ ದೃಷ್ಟಾಂತಗಳಿದ್ದವು; 2024ರ ಜುಲೈ 1ರಿಂದ ಅದರ ಬದಲಿಗೆ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅವು ಮುಂದುವರಿದಿವೆ. ಕಳ್ಳತನದ ಮೊದಲ ದೃಷ್ಟಾಂತದಲ್ಲಿ 'ಎ' ಎಂಬುವನು 'ಝಡ್' ಎಂಬುವನ ಜಮೀನಿನಲ್ಲಿರುವ ಮರವನ್ನು ಅವನ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕವಾಗಿ ಒಯ್ಯುವ ಉದ್ದೇಶದಿಂದ ಕಡಿಯುತ್ತಾನೆ. ಮರ ಬೇರಿನಿಂದ ಬೇರ್ಪಟ್ಟ ಕ್ಷಣಕ್ಕೆ ಕಳ್ಳತನ ಪೂರ್ತಿಯಾಗುತ್ತದೆ. ಈ ದೃಷ್ಟಾಂತದ ಸ್ಪಷ್ಟತೆಯನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಭೂಮಿಗೆ ಅಂಟಿಕೊಂಡಿರುವವರೆಗೆ ಮರ ಚರ ಸ್ವತ್ತಲ್ಲ, ಕಡಿದ ಮೇಲೆ ಚರ ಸ್ವತ್ತು, ಹಾಗಾಗಿ ಕಡಿಯುವ ಕ್ರಿಯೆಯೇ ಕದಿಯುವ ಕ್ರಿಯೆಯೂ ಆಯಿತು ಎಂಬುದನ್ನು ಅರ್ಥ ಮಾಡಿಕೊಂಡ ದಿನ ಕಾನೂನಿನ ಓದಿಗೆ ನಾನು ಮನಸೋತೆ. ಕ್ರಿಯೆ ಯಾವುದು, ಅದರ ಹಿಂದಿನ ಉದ್ದೇಶ ಯಾವುದು, ಎರಡೂ ಒಂದೇ ಹೊತ್ತಿಗೆ ಇದ್ದವೇ ಎಂದು ಕೂದಲು ಸೀಳಿ ನೋಡುವ ಶಿಸ್ತು ಅಲ್ಲಿಂದ ಬಂತು. ನಿರಪರಾಧಿಯೊಬ್ಬನಿಗೆ ಶಿಕ್ಷೆಯಾಗದಂತೆ ತಡೆಯುವ ಶಕ್ತಿ ಇರುವುದು ಈ ಶಿಸ್ತಿಗೇ.

ಆದರೆ ಆ 'ಎ'ಗೆ ವಯಸ್ಸಿಲ್ಲ, ಊರಿಲ್ಲ, ಸಾಲವಿಲ್ಲ, ಅವ್ವನಿಲ್ಲ. ಅವನು ಮರ ಕಡಿದದ್ದು ಒಲೆಗೋ, ಕಟ್ಟಿಗೆ ಅಡ್ಡೆಗೆ ಮಾರಲಿಕ್ಕೋ, 'ಝಡ್' ಮೇಲಿನ ಹಳೆಯ ಹಗೆಗೋ ಎಂಬುದು ದೃಷ್ಟಾಂತಕ್ಕೆ ಬೇಕಾಗಿಲ್ಲ. ಪ್ರೇರಣೆ ಬೇರೆ, ಉದ್ದೇಶ ಬೇರೆ ಎಂದು ಮೊದಲ ವಾರದಲ್ಲೇ ಹೇಳಿಕೊಟ್ಟು ಪ್ರೇರಣೆಯನ್ನು ಪಕ್ಕಕ್ಕಿಡಿಸುತ್ತಾರೆ. ದೋಷ ನಿರ್ಣಯದ ಮಟ್ಟಿಗೆ ಅದು ಸರಿಯಾದ ಕ್ರಮವೇ.

ಕೆಲವು ಸೆಮಿಸ್ಟರ್ ಕಳೆದು ಅಪರಾಧಶಾಸ್ತ್ರದ ತರಗತಿಗೆ ಕಾಲಿಟ್ಟಾಗ, ಪಕ್ಕಕ್ಕಿಟ್ಟದ್ದೆಲ್ಲ ಇಲ್ಲಿ ವಾಪಸು ಸಿಗುತ್ತದೆ ಎಂದು ನಾನು ಎಣಿಸಿದ್ದೆ. ಸಿಕ್ಕಿದ್ದು ಬೇರೆಯೇ, ಅಮೆರಿಕದ ಸಮಾಜಶಾಸ್ತ್ರಜ್ಞರ ಸಿದ್ಧಾಂತಗಳು. ಸಮಾಜ ತೋರಿಸುವ ಗುರಿಗಳಿಗೂ ಅವನ್ನು ಮುಟ್ಟಲು ಕೊಡುವ ದಾರಿಗಳಿಗೂ ನಡುವಿನ ಬಿರುಕಿನಲ್ಲಿ ಅಪರಾಧ ಹುಟ್ಟುತ್ತದೆ ಎಂದ ಮರ್ಟನ್. ಅದೂ ಎಲ್ಲ ವಿದ್ಯೆಗಳಂತೆ ಒಡನಾಟದಿಂದ ಕಲಿಯುವಂಥದ್ದು ಎಂದ ಸದರ್ಲೆಂಡ್. ಪ್ರೇರಿತನಾದ ಒಬ್ಬ, ಕೈಗೆಟುಕುವ ಒಂದು ವಸ್ತು, ಕಾಯುವವರಿಲ್ಲದ ಒಂದು ಹೊತ್ತು ಈ ಮೂರೂ ಕೂಡಿದರೆ ಸಾಕು ಎಂದು 1979ರಲ್ಲಿ ಹೇಳಿದ ಕೊಹೆನ್ ಮತ್ತು ಫೆಲ್ಸನ್. ಕಳ್ಳ ಎಂದು ಹಣೆಪಟ್ಟಿ ಹಚ್ಚುವುದರಿಂದಲೇ ಕಳ್ಳ ಗಟ್ಟಿಯಾಗುತ್ತಾನೆ ಎಂದ ಬೆಕರ್. ಒಬ್ಬೊಬ್ಬರ ಮಾತಿಗೂ ತೂಕವಿದೆ. ಆದರೆ ಇವರೆಲ್ಲರೂ ಮಾತನಾಡುವುದು ದರಗಳ ಬಗ್ಗೆ, ಬಡಾವಣೆಗಳ ಬಗ್ಗೆ, ವಯೋಗುಂಪುಗಳ ಬಗ್ಗೆ. ಅಲ್ಲಿ 'ಎ' ಇಲ್ಲವೇ ಇಲ್ಲ. ಒಂದು ತರಗತಿಯಲ್ಲಿ ಊರಿಲ್ಲದ ಮನುಷ್ಯ, ಇನ್ನೊಂದರಲ್ಲಿ ಮನುಷ್ಯನಿಲ್ಲದ ಊರು. ಕಟಕಟೆಯಲ್ಲಿ ನಿಂತವನು ಇವೆರಡರ ನಡುವೆ ಎಲ್ಲೋ ಇದ್ದಾನೆ. ಅವನನ್ನು ಹುಡುಕಿಕೊಳ್ಳುವ ಕೆಲಸವನ್ನು ಪಠ್ಯಕ್ರಮ ನಮಗೇ ಬಿಟ್ಟಿತ್ತು. ಎರಡೂ ವಿಷಯಗಳಿಗೆ ಬೇರೆ ಬೇರೆ ಮೇಷ್ಟ್ರು, ಬೇರೆ ಬೇರೆ ಪ್ರಶ್ನೆಪತ್ರಿಕೆ. ಒಂದರ ಉತ್ತರದಲ್ಲಿ ಇನ್ನೊಂದನ್ನು ತಂದರೆ ವಿಷಯಾಂತರವಾಯಿತೆಂದು ಅಂಕ ಕಡಿಮೆಯಾಗುತ್ತಿತ್ತು.

ಹುಬ್ಬಳ್ಳಿಯ ಸೆಟ್ಲಮೆಂಟ್

ಕಾನೂನು ಕುರುಡು, ಅಪರಾಧಶಾಸ್ತ್ರ ಅದರ ಕಣ್ಣು ತೆರೆಸುತ್ತದೆ ಎಂಬ ಉತ್ಸಾಹದ ಮಾತನ್ನು ವಿದ್ಯಾರ್ಥಿಗಳಿಂದ ಆಗಾಗ ಕೇಳುತ್ತೇನೆ. ಹಾಗೆ ಹೇಳುವವರಿಗೆ ಹುಬ್ಬಳ್ಳಿಯ ಸೆಟ್ಲಮೆಂಟ್ ಪ್ರದೇಶದಲ್ಲಿ ಒಂದು ಸುತ್ತು ಹಾಕಿ ಬನ್ನಿ ಎನ್ನುತ್ತೇನೆ. ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಘೋಷಿಸಿದ ಬ್ರಿಟಿಷರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಕಾಲದಲ್ಲಿ ಮುಂಬಯಿ ಪ್ರಾಂತದ ಸರ್ಕಾರ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಕೆಲವು ಸಮುದಾಯಗಳ ಜನರನ್ನು ಒಂದೆಡೆ ತಂದು ನೆಲೆ ನಿಲ್ಲಿಸಿ ಕಾವಲಿಟ್ಟಿತ್ತು. ಬೇಲಿ ಹೋಗಿ ಎಷ್ಟೋ ಕಾಲವಾಗಿದೆ, ಜಾಗದ ಹೆಸರು ಹೋಗಿಲ್ಲ. ನಾಲ್ಕನೆಯ ವರ್ಷದಲ್ಲಿದ್ದಾಗ ಸಹಪಾಠಿಯೊಬ್ಬನ ಜೊತೆ ಅಲ್ಲಿನ ಹಿರಿಯರೊಬ್ಬರ ಮನೆಗೆ ಹೋಗಿದ್ದೆ. ಅವರು ತಮ್ಮ ಅಜ್ಜಿ ಹೇಳುತ್ತಿದ್ದುದನ್ನು ನೆನಪಿಸಿಕೊಂಡರು: ದಿನಕ್ಕೆ ಇಷ್ಟು ಸಲ ಹಾಜರಿ, ಊರು ಬಿಟ್ಟು ಹೋಗಲು ಚೀಟಿ, ಚೀಟಿಯಲ್ಲಿ ಬರೆದ ಹೊತ್ತಿಗೆ ಮರಳದಿದ್ದರೆ ಶಿಕ್ಷೆ, ಮದುವೆಗೂ ಮಣ್ಣಿಗೂ ಅದೇ ಕಟ್ಟಳೆ. "ನಮ್ಮಜ್ಜಿ ಏನ ಕದ್ದಿದ್ದಳು ಅಂತ ಯಾರೂ ಬರದಿಲ್ರಿ. ಕದಿಯೂ ಮಂದ್ಯಾಗ ಹುಟ್ಟ್ಯಾಳ ಅಂತ ಅಷ್ಟ ಬರದಿತ್ತು," ಎಂದರು. ಅವರ ದನಿಯಲ್ಲಿ ಸಿಟ್ಟು ಕಾಣಲಿಲ್ಲ. ನನಗೆ ಮಾತ್ರ ಆ ಮಾತು ಕೇಳಿದ ಮೇಲೆ, ಕ್ರಿಯೆ ಮತ್ತು ಉದ್ದೇಶ ಎರಡೂ ಇಲ್ಲದೆ ಅಪರಾಧವಿಲ್ಲ ಎಂಬ ಮೊದಲ ವರ್ಷದ ಪಾಠವು ಒಂದು ಇಡೀ ಸಮುದಾಯದ ಮಟ್ಟಿಗೆ ದಶಕಗಳ ಕಾಲ ಅಮಾನತಿನಲ್ಲಿತ್ತು ಎಂಬುದು ತಿಳಿಯಿತು.

ಇಲ್ಲಿ ಇಸವಿಗಳನ್ನು ಗಮನಿಸಬೇಕು. ಅಪರಾಧಿ ಹುಟ್ಟಿನಿಂದಲೇ ಅಪರಾಧಿ, ಅವನ ತಲೆಬುರುಡೆ, ದವಡೆಗಳ ಆಕಾರದಲ್ಲೇ ಅದು ಕಾಣುತ್ತದೆ ಎಂದು ಇಟಲಿಯ ವೈದ್ಯ ಲೊಂಬ್ರೊಸೊ ಪ್ರಕಟಿಸಿದ್ದು 1876ರಲ್ಲಿ. ನಮ್ಮಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂದದ್ದು 1871ರಲ್ಲಿ. 1911ರ ಕಾಯ್ದೆ ಅದನ್ನು ದೇಶದುದ್ದಕ್ಕೂ ಹರಡಿತು. ಅಂದರೆ ಕಾನೂನು ವಿಜ್ಞಾನಕ್ಕಾಗಿ ಕಾಯಲಿಲ್ಲ. ಆಡಳಿತಕ್ಕೆ ಅಲೆಮಾರಿಗಳ ಮೇಲಿದ್ದ ಅನುಮಾನವೇ ಮೊದಲು ಕಾಯ್ದೆಯಾಯಿತು, ಅದಕ್ಕೊಂದು ಶಾಸ್ತ್ರದ ಬೆಂಬಲ ಆಮೇಲೆ ಸಿಕ್ಕಿತು. ಪಠ್ಯಪುಸ್ತಕದ ಮೊದಲ ಅಧ್ಯಾಯದಲ್ಲಿ ಲೊಂಬ್ರೊಸೊನನ್ನು ಓದುವಾಗ ಅದು ಯುರೋಪಿನ ಹಳೆಯ ಕಥೆ ಎಂಬಂತೆ ಓದಿಸುತ್ತಾರೆ. ಅದೇ ವಿಚಾರದ ಕಾಯ್ದೆ ನಮ್ಮ ನಗರ ಸಾರಿಗೆ ಬಸ್ಸು ಹೋಗುವ ದಾರಿಯಲ್ಲೇ ಜಾರಿಯಲ್ಲಿತ್ತು ಎಂದು ಯಾರೂ ಹೇಳಲಿಲ್ಲ. ಕಾಯ್ದೆ 1952ರಲ್ಲಿ ರದ್ದಾಯಿತು. ಅದರ ಬೆನ್ನಿಗೇ ಹಲವು ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಕಾರಾಗೃಹ ಕೈಪಿಡಿಗಳಲ್ಲಿ ಜಾತಿಯಿಂದ ಕೆಲಸ ಹಂಚುವ, ಅಲೆಮಾರಿ ಮತ್ತು ವಿಮುಕ್ತ (ಆ ಕಾಯ್ದೆಯ ಪಟ್ಟಿಯಿಂದ ಬಿಡುಗಡೆಯಾದ) ಸಮುದಾಯದವರನ್ನು ರೂಢಿಗತ ಅಪರಾಧಿಗಳೆಂದು ಕಾಣುವ ನಿಯಮಗಳು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಹೇಳಿದ್ದು 2024ರ ಅಕ್ಟೋಬರ್‌ನಲ್ಲಿ. 1952ರಿಂದ ಎಪ್ಪತ್ತೆರಡು ವರ್ಷ ಬೇಕಾಯಿತು. ಎರಡು ವಿಷಯಗಳನ್ನು ಕೂಡಿಸಿ ಓದಿದರೆ ಒಳ್ಳೆಯದೇ ಆಗುತ್ತದೆ ಎಂದು ನಾನು ಸುಮ್ಮನೆ ಹೇಳಲಾರೆ. ಕೂಡಿಕೊಂಡು ಅವು ಮಾಡಿರುವ ಕೇಡು ಇಷ್ಟು ಹತ್ತಿರದಲ್ಲಿದೆ. ಗುಂಪಿನ ಬಗ್ಗೆ ಅಪರಾಧಶಾಸ್ತ್ರ ಹೇಳಿದ್ದನ್ನು ಒಬ್ಬನ ಮೇಲೆ ಹೇರದಂತೆ ತಡೆಯಲು ಕಾನೂನಿನ ಶಿಸ್ತು ಬೇಕು. ಈ ಎಚ್ಚರ ಇಲ್ಲದಿದ್ದರೆ ಎರಡನ್ನೂ ಓದಿದವನು ಒಂದನ್ನೇ ಓದಿದವನಿಗಿಂತ ಹೆಚ್ಚು ಅಪಾಯಕಾರಿ.

ಅಂಕಿಅಂಶಗಳ ವಿಷಯದಲ್ಲಿ ಈ ಜೋಡಿ ಓದಿನ ಲಾಭ ಬೇಗ ಕಾಣುತ್ತದೆ. ಪ್ರತಿ ಬಾರಿ ರಾಷ್ಟ್ರೀಯ ಅಪರಾಧ ದಾಖಲಾತಿ ಬ್ಯೂರೋದ ವಾರ್ಷಿಕ ವರದಿ ಬಂದಾಗ ಯಾವ ಊರಿನಲ್ಲಿ ಅಪರಾಧ ಏರಿತು, ಯಾವುದರಲ್ಲಿ ಇಳಿಯಿತು ಎಂದು ಪತ್ರಿಕೆಗಳು ಬರೆಯುತ್ತವೆ. ವರದಿಯಾಗದೆ ಉಳಿಯುವ ಅಪರಾಧಗಳೇ ಹೆಚ್ಚೆಂದು ಅಪರಾಧಶಾಸ್ತ್ರ ಕಲಿಸಿರುತ್ತದೆ. ಸಂಜ್ಞೇಯ ಅಪರಾಧದ, ಅಂದರೆ ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಪೊಲೀಸರು ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿದ್ದನ್ನು ಕಾನೂನು ಕಲಿಸಿರುತ್ತದೆ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೂ ಅತಿ ಗಂಭೀರವಾದ ಒಂದನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಬ್ಯೂರೋದ ಪದ್ಧತಿ ಗೊತ್ತಿದ್ದವರಿಗೆ, ಅಂಕಿ ಏರಿದ್ದು ಅಪರಾಧದ್ದೋ ದಾಖಲಾತಿಯದ್ದೋ ಎಂದು ಕೇಳುವುದು ಅಭ್ಯಾಸವಾಗುತ್ತದೆ. ಇಷ್ಟನ್ನು ಎರಡೂ ಓದಿದ ಯಾವ ವಿದ್ಯಾರ್ಥಿಯೂ ತಾನೇ ಜೋಡಿಸಿಕೊಂಡಾನು. ಮನುಷ್ಯನೊಬ್ಬನ ವಿಷಯದಲ್ಲಿ ಹಾಗೆ ಜೋಡಿಸಿಕೊಳ್ಳುವುದು ಕಷ್ಟ.

ಕೇಬಲ್ ಕಡಿದವನ ಮನೆ

ಕೊನೆಯ ವರ್ಷದ ಕ್ಷೇತ್ರಕಾರ್ಯಕ್ಕೆಂದು ನಾನು ಪರಿವೀಕ್ಷಣಾಧಿಕಾರಿಯೊಬ್ಬರ (ಪ್ರೊಬೇಷನ್ ಆಫೀಸರ್) ಜೊತೆ ಓಡಾಡಿದ್ದೆ. ನಿವೃತ್ತಿಗೆ ಹತ್ತಿರವಾಗಿದ್ದ ಹೆಣ್ಣುಮಗಳು ಅವರು. ಕಲಘಟಗಿ ಕಡೆಯ ಹಳ್ಳಿಯೊಂದರ ಹುಡುಗನೊಬ್ಬ ಹೊಲದ ಪಂಪ್‌ಸೆಟ್ಟಿನ ಕೇಬಲ್ ಕಡಿದು ತಾಮ್ರ ಮಾರಿದ ಪ್ರಕರಣದಲ್ಲಿ ದೋಷಿ ಎಂದು ತೀರ್ಮಾನವಾಗಿತ್ತು. ಶಿಕ್ಷೆ ವಿಧಿಸುವ ಮೊದಲು ಮ್ಯಾಜಿಸ್ಟ್ರೇಟರು ಅವನ ಬಗ್ಗೆ ವರದಿ ಕೇಳಿದ್ದರು. ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, ಅಂದರೆ ಎಲ್ಲರೂ ಪ್ರೊಬೇಷನ್ ಆ್ಯಕ್ಟ್ ಎನ್ನುವ 1958ರ ಕಾಯ್ದೆಯ 6ನೆಯ ಕಲಮಿನ ಪ್ರಕಾರ, ಜೀವಾವಧಿ ಶಿಕ್ಷೆಗೆ ಒಳಪಡದ ಅಪರಾಧವಾಗಿದ್ದು ದೋಷಿಗೆ ಇಪ್ಪತ್ತೊಂದು ತುಂಬಿಲ್ಲದಿದ್ದರೆ ಇಂಥ ವರದಿ ತರಿಸಿಕೊಳ್ಳಲೇಬೇಕು, ಜೈಲಿಗೆ ಕಳಿಸುವುದಾದರೆ ಕಾರಣ ಬರೆಯಬೇಕು. ಆದರೆ ವಯಸ್ಸನ್ನು ಎಣಿಸುವುದು ಅಪರಾಧದ ದಿನದಿಂದಲ್ಲ, ಶಿಕ್ಷೆಯ ಪ್ರಶ್ನೆ ಬರುವ ದಿನದಿಂದ ಎಂದು ಸುಪ್ರೀಂ ಕೋರ್ಟು 1963ರಲ್ಲೇ ರಾಮ್‌ಜಿ ಮಿಸ್ಸರ್ ಪ್ರಕರಣದಲ್ಲಿ ಹೇಳಿದೆ. ಈ ಹುಡುಗ ಸಿಕ್ಕಿಬಿದ್ದಾಗ ಹತ್ತೊಂಬತ್ತು, ತೀರ್ಪಿನ ಹೊತ್ತಿಗೆ ಇಪ್ಪತ್ತೆರಡು. ವಾಯಿದೆಗಳ ಮೇಲೆ ವಾಯಿದೆ ಬಿದ್ದು ಅವನು ಆ ರಕ್ಷಣೆಯಿಂದ ಹೊರಗೆ ಬಂದಿದ್ದ. ಜೈಲಿಗೆ ಕಳಿಸುವ ಬದಲು ಸದ್ವರ್ತನೆಯ ಷರತ್ತಿನ ಮೇಲೆ ಬಿಡುಗಡೆ ಮಾಡಲು 4ನೆಯ ಕಲಮಿನಡಿ ಎಲ್ಲ ವಯಸ್ಸಿನವರಿಗೂ ಇರುವ ಅವಕಾಶವನ್ನು ನೆನೆದು ಆ ಮ್ಯಾಜಿಸ್ಟ್ರೇಟರು ವರದಿ ಕೇಳಿದ್ದರು. ಕೇಳದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಅಧಿಕಾರಿ ಮನೆಯವರು ಹಾಕಿದ ಕುರ್ಚಿಯಲ್ಲಿ ಕೂಡಲಿಲ್ಲ, ಕಟ್ಟೆಯ ಮೇಲೆ ಹುಡುಗನ ತಾಯಿಯ ಪಕ್ಕ ಕೂತರು. ಕೇಬಲ್ಲಿನ ಮಾತನ್ನೇ ಎತ್ತದೆ ಹುಡುಗ ಎಲ್ಲಿ ಮಲಗುತ್ತಾನೆ ಎಂದು ಕೇಳಿದರು. ಆಮೇಲೆ ರೇಷನ್ ಕಾರ್ಡು ತೋರಿಸಲು ಹೇಳಿದರು. ತಾಯಿ ತಗಡಿನ ಟ್ರಂಕು ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಕಾಗದಗಳನ್ನು ನೆಲದ ಮೇಲೆ ಹರವಿದರು: ಕಾರ್ಡು, ಗಂಡನ ಆಸ್ಪತ್ರೆ ಚೀಟಿಗಳು, ಸಂಘದ ಸಾಲದ ಪಾಸ್‌ಬುಕ್ಕು, ಹುಡುಗನ ಶಾಲೆಯ ದಾಖಲೆ. ಒಂಬತ್ತನೇ ಇಯತ್ತೆಯ ನಡುವೆ ಅವನ ಶಾಲೆ ನಿಂತಿತ್ತು. ಅಧಿಕಾರಿ ಆಸ್ಪತ್ರೆ ಚೀಟಿಯ ತಾರೀಖನ್ನೂ ಶಾಲೆ ಬಿಟ್ಟ ತಾರೀಖನ್ನೂ ಗೆರೆ ಹಾಕಿದ ತಮ್ಮ ನೋಟುಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆದುಕೊಂಡರು. ಅವೆರಡರ ನಡುವೆ ಒಂದು ತಿಂಗಳೂ ಇರಲಿಲ್ಲ. ಯಾವ ಸಿದ್ಧಾಂತದ ಹೆಸರನ್ನೂ ಹೇಳದೆ ಅವರು ಮಾಡಿದ ಆ ಕೆಲಸದಲ್ಲಿ ನಾನು ತರಗತಿಯಲ್ಲಿ ಓದಿದ್ದಕ್ಕಿಂತ ಹೆಚ್ಚಿನ ಅಪರಾಧಶಾಸ್ತ್ರವಿತ್ತು ಎಂದು ಈಗ ಅನ್ನಿಸುತ್ತದೆ.

ಅಲ್ಲಿಂದ ನಾವು ಕೇಬಲ್ ಕಳೆದುಕೊಂಡ ರೈತನ ಹೊಲಕ್ಕೆ ಹೋದೆವು. ತ್ರೀ ಫೇಸ್ ಕರೆಂಟು ಇರುವ ಹೊತ್ತಿನಲ್ಲಿ ಹೊಲದಲ್ಲಿ ಯಾರಾದರೂ ನೀರು ಹಾಯಿಸುತ್ತಿರುತ್ತಾರೆ, ಆಗ ಕೇಬಲ್ ಮುಟ್ಟಿದರೆ ಜೀವಕ್ಕೂ ಅಪಾಯ. ಕರೆಂಟು ಹೋದ ಮೇಲೆ ತಂತಿಯೂ ಸತ್ತಿರುತ್ತದೆ, ಹೊಲವೂ ಖಾಲಿ ಇರುತ್ತದೆ. ಕರೆಂಟಿನ ವೇಳಾಪಟ್ಟಿ ಊರಿಗೆಲ್ಲ ಗೊತ್ತಿರುತ್ತದೆ. ಕೊಹೆನ್ ಮತ್ತು ಫೆಲ್ಸನ್ ಹೇಳಿದ ಮೂರೂ ಅಲ್ಲಿ ಕಣ್ಣೆದುರಿಗಿದ್ದವು. ನಾಲ್ಕನೆಯ ಒಬ್ಬನಿದ್ದ, ತಾಮ್ರ ಕೊಂಡ ಗುಜರಿಯವನು. ಕದ್ದ ಮಾಲೆಂದು ತಿಳಿದು ಕೊಳ್ಳುವುದೂ ಅಪರಾಧವೇ. ಆದರೆ ದೋಷಾರೋಪ ಪಟ್ಟಿಯಲ್ಲಿ ಅವನು ಆರೋಪಿಯಾಗಿರಲಿಲ್ಲ, ಸಾಕ್ಷಿಯಾಗಿದ್ದ. ರೈತ ಹೇಳಿದ್ದನ್ನು ನಾನು ಮರೆತಿಲ್ಲ: "ಅವನ್ನ ಒಳಗ ಹಾಕಿದ್ರ ನನ್ನ ಕೇಬಲ್ ಬರ್ತೈತೇನ್ರಿ? ನೀರಿಲ್ದ ಮೆಣಸಿನ ಸಸಿ ಒಣಗಿ ಹೋದ್ವು, ಅದನ್ನ ಯಾರು ಕೊಡ್ತಾರ? ಹಂಗಂತ ಸುಮ್ಮನ ಬಿಟ್ರ ಮತ್ತ ಕಡೀತಾನ." ಶಿಕ್ಷೆಯ ಉದ್ದೇಶಗಳೆಂದು ನಾವು ಪುಟಗಟ್ಟಲೆ ಬರೆಯುತ್ತಿದ್ದ ಪರಿಹಾರ, ತಡೆ, ಸುಧಾರಣೆಗಳ ಜಗಳ ಅವನ ಮಾತಿನಲ್ಲಿ ಪೂರ್ತಿಯಾಗಿತ್ತು. ಅಧಿಕಾರಿ ಅದನ್ನೂ ಬರೆದುಕೊಂಡರು, ಒಣಗಿದ ಸಸಿಯ ಅಂದಾಜು ಬೆಲೆಯನ್ನೂ ಕೇಳಿಕೊಂಡರು.

ಹುಡುಗ ಜಾಮೀನಿಗೆ ಮೊದಲು ಕೆಲವು ತಿಂಗಳು ಜೈಲಿನಲ್ಲಿದ್ದ. ಆದೇಶವಾದರೂ ಶ್ಯೂರಿಟಿಗೆ ಯಾರೂ ಬಂದಿರಲಿಲ್ಲ. ಇದು ಅವನೊಬ್ಬನ ಕಥೆಯಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ಜೈಲಿನಲ್ಲಿ ಅವನಿಗೆ ಕೇಬಲ್ ಕದಿಯುವುದರಲ್ಲಿ ತನಗಿಂತ ಪಳಗಿದವರ ಪರಿಚಯವಾಗಿತ್ತು, ಹೊರಬಂದ ಮೇಲೆ ಅವರಲ್ಲೊಬ್ಬ ಫೋನು ಮಾಡಿದ್ದ ಎಂದು ಅವನೇ ಅಧಿಕಾರಿಗೆ ಹೇಳಿದ. ಒಡನಾಟದಿಂದ ಕಲಿಕೆ ಎಂದ ಸದರ್ಲೆಂಡ್ ನೆನಪಾಗಿ ನನಗೆ ಕಸಿವಿಸಿಯಾಯಿತು, ಏಕೆಂದರೆ ಇಲ್ಲಿ ಆ ಒಡನಾಟವನ್ನು ಒದಗಿಸಿದ್ದು ನಮ್ಮ ವ್ಯವಸ್ಥೆಯೇ. ವರದಿಯಲ್ಲಿ ಇವೆಲ್ಲವೂ ಬಂದವು, ಒಂದು ವಿಶೇಷಣವೂ ಇಲ್ಲದೆ. ಮ್ಯಾಜಿಸ್ಟ್ರೇಟರು ಅವನನ್ನು ಸದ್ವರ್ತನೆಯ ಮುಚ್ಚಳಿಕೆ ಬರೆಸಿಕೊಂಡು ಮೇಲ್ವಿಚಾರಣೆಯಡಿ ಬಿಡುಗಡೆ ಮಾಡಿದರು. 5ನೆಯ ಕಲಮಿನಡಿ ರೈತನಿಗೆ ಪರಿಹಾರ ಕಟ್ಟಬೇಕೆಂದು ಆದೇಶಿಸಿದರು. ಅದೇ ಕಾಯ್ದೆಯ 12ನೆಯ ಕಲಮು, ಹೀಗೆ ಬಿಡುಗಡೆಯಾದವನಿಗೆ ದೋಷಿ ಎಂಬ ಕಾರಣದಿಂದ ಬರುವ ಅನರ್ಹತೆ ತಟ್ಟಬಾರದು ಎನ್ನುತ್ತದೆ. ಹಣೆಪಟ್ಟಿಯ ಕೇಡನ್ನು ಬೆಕರ್ ವಿವರಿಸಿದ್ದು 1963ರಲ್ಲಿ; ನಮ್ಮ ಸಂಸತ್ತು ಐದು ವರ್ಷ ಮೊದಲೇ ಅದಕ್ಕೆ ಮದ್ದು ಬರೆದಿಟ್ಟಿತ್ತು. 1871ರಲ್ಲಿ ಶಾಸ್ತ್ರಕ್ಕಿಂತ ಮೊದಲು ಬಂದ ಕಾಯ್ದೆ ಎಂಥದ್ದು, 1958ರಲ್ಲಿ ಬಂದದ್ದು ಎಂಥದ್ದು ಎಂದು ಹೋಲಿಸಿ ನೋಡಿದಾಗ ನನಗೆ ನಮ್ಮ ಗಣರಾಜ್ಯದ ಮೇಲೆ ಅಭಿಮಾನ ಮೂಡುತ್ತದೆ. ಆ ಕಲಮನ್ನು ಬಳಸುವವರು ಇಷ್ಟು ಕಡಿಮೆ ಎಂಬುದು ಅಷ್ಟೇ ನೋವು ಕೊಡುತ್ತದೆ.

ಪ್ರಶ್ನೆಗೆ ಉತ್ತರ ಬರೆಯುವವರು

ಶಿಕ್ಷೆಯ ಬಗ್ಗೆ ಆಲಿಸುವುದೆಂದರೆ ಬರಿಯ ಬಾಯಿಮಾತಿನ ಮನವಿಯಲ್ಲ, ದೋಷಿಯ ಹಿನ್ನೆಲೆಯ ಬಗ್ಗೆ ಸಾಮಗ್ರಿ ಹಾಜರುಪಡಿಸಲು ಅವಕಾಶ ಕೊಡುವುದೂ ಅದರಲ್ಲಿ ಸೇರಿದೆ ಎಂದು ಸುಪ್ರೀಂ ಕೋರ್ಟು 1976ರಲ್ಲಿ ಸಂತಾ ಸಿಂಗ್ ಪ್ರಕರಣದಲ್ಲಿ ಹೇಳಿ, ಶಿಕ್ಷೆಯ ಪ್ರಶ್ನೆಯನ್ನು ಸೆಷನ್ಸ್ ನ್ಯಾಯಾಲಯಕ್ಕೆ ಮರಳಿಸಿತ್ತು. ಮರಣದಂಡನೆಯ ಬಗೆಗಿನ 1980ರ ಬಚನ್ ಸಿಂಗ್ ತೀರ್ಪನ್ನು 'ಅಪರೂಪದಲ್ಲಿ ಅಪರೂಪ' ಎಂಬ ಮಾತಿಗಾಗಿ ಎಲ್ಲರೂ ನೆನೆಯುತ್ತಾರೆ. ಅದರೊಳಗಿನ ಇನ್ನೊಂದು ಸಾಲು ನಮ್ಮಂಥವರಿಗೆ ಹೆಚ್ಚು ಮುಖ್ಯ. ದೋಷಿ ಮುಂದೆ ಸಮಾಜಕ್ಕೆ ಅಪಾಯವಾಗದಿರುವ ಸಾಧ್ಯತೆ ಮತ್ತು ಅವನು ಸುಧಾರಿಸುವ ಸಾಧ್ಯತೆ, ಇವೆರಡೂ ಇಲ್ಲವೆಂಬುದನ್ನು ಸರ್ಕಾರವೇ ಸಾಕ್ಷ್ಯದ ಮೂಲಕ ಸಾಬೀತುಪಡಿಸಬೇಕು ಎಂದು ಆ ಪೀಠ ಒಪ್ಪಿಕೊಂಡಿತು. ಒಬ್ಬ ಮನುಷ್ಯ ಸುಧಾರಿಸಬಲ್ಲನೇ ಎಂಬುದು ಅಪರಾಧಶಾಸ್ತ್ರದ ಪ್ರಶ್ನೆ. ಅದಕ್ಕೆ ಸಾಕ್ಷ್ಯ ಬೇಕು, ಹೊರೆ ಇಂಥವರದು ಎಂಬುದು ಕಾನೂನಿನ ನಿಯಮ. ಎರಡೂ ಒಂದೇ ವಾಕ್ಯದಲ್ಲಿ ಹೀಗೆ ಹೆಣೆದುಕೊಂಡದ್ದನ್ನು ನಾನು ಬೇರೆಲ್ಲೂ ಓದಿಲ್ಲ. ನಲವತ್ತೆರಡು ವರ್ಷಗಳ ನಂತರ, 2022ರ ಮೇ ತಿಂಗಳಲ್ಲಿ, ಮನೋಜ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಮರಣದಂಡನೆಯ ಪ್ರಕರಣಗಳಲ್ಲಿ ಕುಟುಂಬದ ಹಿನ್ನೆಲೆ, ಓದು, ಆರ್ಥಿಕ ಸ್ಥಿತಿ, ಮಾನಸಿಕ ಮೌಲ್ಯಮಾಪನ, ಜೈಲಿನಲ್ಲಿನ ನಡತೆ, ಇವುಗಳ ಮಾಹಿತಿಯನ್ನು ವಿಚಾರಣಾ ನ್ಯಾಯಾಲಯದ ಹಂತದಲ್ಲೇ ತರಿಸಿಕೊಳ್ಳಬೇಕೆಂದು ವಿವರವಾಗಿ ಹೇಳಬೇಕಾಯಿತು. ಅಷ್ಟು ಕಾಲ ಆ ಸಾಲು ಬಹುಮಟ್ಟಿಗೆ ಕಾಗದದ ಮೇಲೇ ಇತ್ತು. ಮರಣದಂಡನೆಗೆ ಗುರಿಯಾದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನ ಆರ್ಥಿಕವಾಗಿ ದುರ್ಬಲರು ಎಂದು ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಅಧ್ಯಯನ 2016ರಲ್ಲಿ ತೋರಿಸಿತ್ತು. ಅವರ ಪರವಾಗಿ ಆ ಕಾಗದಗಳನ್ನು ಯಾರು ಕೂಡಿಸಬೇಕಿತ್ತು?

ನಮ್ಮ ಕಾಲೇಜುಗಳ ಅಣಕು ನ್ಯಾಯಾಲಯದ ಸ್ಪರ್ಧೆಗಳನ್ನು ನೋಡಿ. ವಾದ ದೋಷ ನಿರ್ಣಯದವರೆಗೆ ನಡೆಯುತ್ತದೆ, ಅಲ್ಲಿಗೆ ಬಹುಮಾನ ವಿತರಣೆ. ಶಿಕ್ಷೆಯ ವಿಚಾರಣೆಗೆ ವಿದ್ಯಾರ್ಥಿಗಳನ್ನು ನಿಲ್ಲಿಸಿ, ದೋಷಿಯ ಶಾಲಾ ದಾಖಲೆ, ವೈದ್ಯರ ಚೀಟಿ, ನೆರೆಯವರ ಹೇಳಿಕೆ, ಕಳೆದುಕೊಂಡವನ ನಷ್ಟ ಇವಿಷ್ಟನ್ನು ಕೈಗೆ ಕೊಟ್ಟು, ಇದರ ಮೇಲೆ ವಾದಿಸಿ ಎಂದು ಹೇಳಿದ ಸ್ಪರ್ಧೆಯನ್ನು ನಾನು ಕಂಡಿಲ್ಲ. ಅಪರಾಧಶಾಸ್ತ್ರದ ಪರೀಕ್ಷೆಯಲ್ಲಿ ಮರ್ಟನ್ನನ ಐದು ಹೊಂದಾಣಿಕೆಗಳನ್ನು ಬರೆಯಿರಿ ಎಂಬ ಪ್ರಶ್ನೆಯ ಬದಲು ಒಂದು ತೀರ್ಪಿನ ಕೊನೆಯ ಪ್ಯಾರಾ ಕೊಟ್ಟು, ಇದರಲ್ಲಿ ಏನಿಲ್ಲ ಎಂದು ಕೇಳಬಹುದು. ಎರಡೂ ವಿಷಯದ ಮೇಷ್ಟ್ರು ಒಂದೇ ಉತ್ತರಪತ್ರಿಕೆಯನ್ನು ತಿದ್ದುವಂತಾದರೆ ಇನ್ನೂ ಒಳ್ಳೆಯದು. ಈ ಅಗತ್ಯ ಈಗ ಮೊದಲಿಗಿಂತ ಹೆಚ್ಚಾಗಿದೆ. ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಮೊದಲ ಬಾರಿಗೆ ಶಿಕ್ಷೆಗಳ ಪಟ್ಟಿಗೆ ಸೇರಿಸಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಸಲ ದೋಷಿಯಾದವನು ವಸ್ತುವನ್ನೋ ಬೆಲೆಯನ್ನೋ ಮರಳಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಸಮುದಾಯಕ್ಕೆ ಉಪಯೋಗವಾಗುವ, ಸಂಬಳವಿಲ್ಲದ ಕೆಲಸ ಎಂದಷ್ಟೇ ನಾಗರಿಕ ಸುರಕ್ಷಾ ಸಂಹಿತೆ ವಿವರಿಸುತ್ತದೆ. ಎಷ್ಟು ಗಂಟೆ, ಎಲ್ಲಿ, ಯಾರ ಕಣ್ಗಾವಲಿನಲ್ಲಿ, ಊರವರೆದುರು ಕಸ ಗುಡಿಸಿದರೆ ಅವಮಾನವೇ ಶಿಕ್ಷೆಯಾಗಿ ಹಣೆಪಟ್ಟಿ ಗಟ್ಟಿಯಾಗುವುದಿಲ್ಲವೇ ಎಂಬುದನ್ನೆಲ್ಲ ಆ ಆ ಮ್ಯಾಜಿಸ್ಟ್ರೇಟರೇ ಯೋಚಿಸಬೇಕು. ಅವರೆದುರು ನಿಂತು ಇಂಥ ಕೆಲಸ, ಇಷ್ಟು ಗಂಟೆ, ಈ ಕಾರಣಕ್ಕೆ ಎಂದು ಹೇಳಬಲ್ಲವರು ಬೇಕು.

ನನ್ನ ಕಚೇರಿಯಲ್ಲಿ ಈಗ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವ ದಿನವೇ ಶಾಲೆಯ ದಾಖಲೆ, ಆಸ್ಪತ್ರೆ ಚೀಟಿ, ಸಾಲದ ಪುಸ್ತಕಗಳನ್ನು ತರಲು ಹೇಳುತ್ತೇವೆ. ದೋಷ ನಿರ್ಣಯವಾದ ಮಧ್ಯಾಹ್ನ ಅವನ್ನು ಹುಡುಕಲು ಹೊತ್ತಿರುವುದಿಲ್ಲ. ಇದರಲ್ಲಿ ಒಂದು ತೊಡಕಿದೆ. ಅದನ್ನು ನನಗೆ ತೋರಿಸಿಕೊಟ್ಟವಳು ಆರೋಪಿಯೊಬ್ಬನ ತಾಯಿ. "ನನ್ನ ಮಗ ಕದ್ದಿಲ್ಲ ಅಂತ ನೀವ ಕೋರ್ಟಿನ್ಯಾಗ ಹೇಳಾವ್ರು. ಮತ್ತ ಶಿಕ್ಷಾ ಆದ ಮ್ಯಾಲಿನ ಕಾಗದ ಈಗ ಯಾಕ ಕೇಳ್ತೀರಿ?" ಎಂದಳು. ಅವಳ ಅನುಮಾನ ನ್ಯಾಯವಾದದ್ದು. ನಿರಪರಾಧಿ ಎಂಬ ನಂಬಿಕೆಯಿಂದ ವಾದಿಸುತ್ತಲೇ ದೋಷಿಯಾದರೆ ಹೇಳಬೇಕಾದ ಮಾತನ್ನು ಮೊದಲೇ ಸಿದ್ಧಪಡಿಸಿಕೊಳ್ಳುವುದು ಹೇಗೆ, ಅದನ್ನು ಕಕ್ಷಿದಾರರಿಗೆ ಹೇಗೆ ಹೇಳಬೇಕು ಎಂದು ಯಾವ ತರಗತಿಯೂ ನನಗೆ ಕಲಿಸಿರಲಿಲ್ಲ. ಆ ಕಾಗದಗಳು ಮಗನ ಫೈಲಿಗೆ ಸೇರುವುದಿಲ್ಲ, ಬೇರೆ ಲಕೋಟೆಯಲ್ಲಿ ಮುಚ್ಚಿ ನಮ್ಮ ಕಪಾಟಿನಲ್ಲೇ ಇರುತ್ತವೆ, ಬಿಡುಗಡೆಯಾದರೆ ಹಾಗೆಯೇ ವಾಪಸು ಕೊಡುತ್ತೇವೆ ಎಂದು ಹೇಳಿದೆ. ಅವಳು ಒಪ್ಪಿಕೊಳ್ಳಲು ಎರಡು ವಾಯಿದೆ ತೆಗೆದುಕೊಂಡಳು. ಮೂರನೆಯದಕ್ಕೆ ಬರುವಾಗ ಮಗನ ಏಳನೇ ಇಯತ್ತೆಯ ಅಂಕಪಟ್ಟಿಯನ್ನು ತಂದಳು.